ನೋಡುವವರಿಗೆ ಜಾಗವಿಲ್ಲ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಮೈಕಿನ ಮುಂದೆ ನಿಂತು ಹೇಳಬಾರದ್ದನ್ನು ಹೇಳಿ, ಒಂದು ಮಗುವಿನ ನೆಮ್ಮದಿಯನ್ನೂ ಅವರ ಕೆಲಸವನ್ನೂ ಕೆಡಿಸಿದವನು ನಾನು. ಕಾಗದದ ಮೇಲಾದರೂ ಬಾಯಿ ಬಿಗಿಹಿಡಿಯುತ್ತೇನೆ. ಬರೋಡಾದ ಮಕ್ಕಳು ಅವರನ್ನು ‘ಬೆನ್’ ಎನ್ನುತ್ತಿದ್ದರು. ಗುಜರಾತಿನಲ್ಲಿ ತರಕಾರಿ ಮಾರುವವಳಿಂದ ಹಿಡಿದು ಕಾಲೇಜಿನ ಪ್ರಿನ್ಸಿಪಾಲರವರೆಗೆ ಎಲ್ಲ ಹೆಂಗಸರೂ ಬೆನ್‌ಗಳೇ, ಅಂದರೆ ಅಕ್ಕಂದಿರೇ. ಹಾಗಾಗಿ ನಾನೂ ಬೆನ್ ಎಂದರೆ ಯಾರ ಗುಟ್ಟೂ ಹೊರಬೀಳುವುದಿಲ್ಲ.

ಹೋದ ವಾರ ಸೂರತ್ತಿನಿಂದ ಒಂದು ಕಾರ್ಡು ಬಂತು. ಗುಜರಾತಿ ಅಕ್ಷರ. ಈ ಸೀಮೆಗೆ ಬಂದು ಹನ್ನೊಂದು ವರ್ಷವಾದರೂ ನಾನು ಅದನ್ನು ಬೆರಳಿಟ್ಟುಕೊಂಡೇ ಓದಬೇಕು. ಬೆನ್ ತೀರಿಕೊಂಡರು, ನಾಲ್ಕು ದಿನ ಜ್ವರವಿತ್ತು, ಅವರ ಡೈರಿಯಲ್ಲಿ ನಿಮ್ಮ ವಿಳಾಸವಿತ್ತು, ಅದಕ್ಕೆ ತಿಳಿಸಿದ್ದೇವೆ. ಇಷ್ಟೇ ಇದ್ದದ್ದು. ನನ್ನ ವಿಳಾಸ ಅವರಲ್ಲಿರಲು ಕಾರಣ ನಾನು ಪ್ರತಿ ದೀಪಾವಳಿಗೆ ಕಳಿಸುತ್ತಿದ್ದ ಶುಭಾಶಯ ಪತ್ರ. ಮೇಲೆ ಅಚ್ಚು ಹಾಕಿದ ನಾಲ್ಕು ಸಾಲು, ಕೆಳಗೆ ನನ್ನ ಸಹಿ, ನಡುವೆ ಅಂಗೈಯಗಲ ಖಾಲಿ ಜಾಗ. ಬರೆಯಬೇಕಾದ್ದನ್ನು ಬರೆಯಲು ಅಷ್ಟು ಜಾಗ ಸಾಕಾಗಿತ್ತು. ಏಳು ದೀಪಾವಳಿ ಕಳೆದವು, ಬರೆಯಲಿಲ್ಲ.

ನಾನು ರೈಲ್ವೆಯ ಸಿಗ್ನಲ್ ವಿಭಾಗದವನು. ಹಾಸನದ ಕಡೆಯವನು. ವರ್ಗವಾಗಿ ಬರೋಡಾಕ್ಕೆ ಬಂದಾಗ ಅಲ್ಲಿದ್ದ ಬ್ಯಾಂಕಿನವರು, ವಿಮೆಯವರು, ರೈಲ್ವೆಯವರು ಎಲ್ಲ ಸೇರಿ ಒಂದು ಕನ್ನಡಿಗರ ಕೂಟ ಕಟ್ಟಿಕೊಂಡಿದ್ದರು. ಮೂವತ್ತು ಮನೆಯವರಿದ್ದೆವು. ಮಾತಾಡುವ ಚಪಲವಿದ್ದ ಕಾರಣ ನನ್ನನ್ನು ಕಾರ್ಯದರ್ಶಿ ಮಾಡಿದರು. ಬೆನ್‌ರನ್ನು ಮೊದಲು ಕಂಡದ್ದು ಕೂಟದ ಯುಗಾದಿ ಊಟದಲ್ಲಿ. ನಲವತ್ತೈದರ ಹೆಂಗಸು, ಎಲೆಯ ಮುಂದೆ ಕೂತು ಕೈಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು ಶೇಂಗಾ ಚಟ್ನಿಪುಡಿ ಬಡಿಸಿಕೊಳ್ಳುತ್ತಿದ್ದರು. ನಾನು ಕಾರ್ಯದರ್ಶಿಯ ಗತ್ತಿನಲ್ಲಿ, ನಮ್ಮ ಅಡುಗೆ ರುಚಿಸಲಿಲ್ಲವೇ ಎಂದು ಕೇಳಿದೆ.

“ಅಡಗಿ ಛಲೋ ಅದರಿ. ಆದ್ರ ಈ ಊರಾಗ ಇದ್ದೂ ಇದ್ದೂ ನಿಮ್ಮ ಕೈಗೂ ಸಕ್ಕರಿ ಹತ್ತೇದ. ಸಾರಿನಾಗೂ ಸಕ್ಕರಿ ಹಾಕೀರಲ್ಲರೀ!” ಎಂದು ಇಡೀ ಪಂಕ್ತಿಗೆ ಕೇಳುವಂತೆ ನಕ್ಕರು. ಧಾರವಾಡದವರು. ಊಟವಾದ ಮೇಲೆ ಪಕ್ಕದವರು ಅವರ ಪರಿಚಯ ಹೇಳಿದರು. ಬರೋಡಾದಲ್ಲೇ ನೃತ್ಯ ಕಲಿತವರು, ಹತ್ತು ಹನ್ನೆರಡು ವರ್ಷ ವೇದಿಕೆಯ ಮೇಲೆ ಒಳ್ಳೆಯ ಹೆಸರು ಮಾಡಿದವರು, ಆಮೇಲೆ ಒಂದು ದಿನ ಗೆಜ್ಜೆ ಬಿಚ್ಚಿಟ್ಟವರು. ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ಮಂದಿ ನೋಡೂದು ಸಾಕಾತ್ರಿ.”

ಫತೇಗಂಜಿನಲ್ಲಿ ಯೂನಿವರ್ಸಿಟಿಯ ಹುಡುಗರ ಹಾಸ್ಟೆಲುಗಳ ಹಿಂದೆ, ಒಬ್ಬ ದರ್ಜಿಯ ಅಂಗಡಿಯ ಮೇಲೆ ಅವರು ಒಂದು ಉದ್ದ ಕೋಣೆ ಹಿಡಿದಿದ್ದರು. ಭಾನುವಾರ ಬೆಳಿಗ್ಗೆ ಎಂಟಕ್ಕೆ ತರಗತಿ. ಹತ್ತಿರದ ಒಂದು ಹೆಣ್ಣುಮಕ್ಕಳ ಆಶ್ರಮದಿಂದ ಹತ್ತು ಹನ್ನೆರಡು ಹುಡುಗಿಯರು ಬರುತ್ತಿದ್ದರು. ಮನೆಯವರು ಬಿಟ್ಟವರು, ಮನೆಯವರಿಂದ ಬಿಡಿಸಿ ತಂದವರು. ಜೊತೆಗೆ ಸುತ್ತಲಿನ ನಾಲ್ಕೈದು ಮಕ್ಕಳು. ನನ್ನ ಹೆಂಡತಿ ನಮ್ಮ ಮಾನಸಾಳನ್ನೂ ಸೇರಿಸಿದಳು. ನೃತ್ಯ ಕಲಿತರೆ ಮಗುವಿಗೆ ಸ್ವಲ್ಪ ಧೈರ್ಯ ಬರುತ್ತದೆ ಎಂದಳು. ಯಾರಿಂದಾಗಿ ಧೈರ್ಯ ಹೋಗಿದೆ ಎಂಬುದನ್ನು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಮಾನಸಾಗೆ ಆಗ ಎಂಟು ವರ್ಷ. ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ನಾನು ಹೊಡೆಯುತ್ತಿದ್ದೆ. ಹೊಡೆದರೆ ನಿಲ್ಲುತ್ತದೆ ಎಂದು ನಂಬಿದ್ದೆ. ನಿಲ್ಲದಿದ್ದಾಗ, ಸಾಲದು, ಇನ್ನೂ ಹೊಡೆಯಬೇಕು ಎಂದುಕೊಳ್ಳುತ್ತಿದ್ದೆ. ನಮ್ಮಪ್ಪ ಸ್ಕೂಲು ಮೇಷ್ಟ್ರು. ಮನೆಯಲ್ಲಿ ತೊಲೆಯ ಸಂದಿಗೆ ಒಂದು ಹುಣಿಸೆ ಬರಲು ಸಿಕ್ಕಿಸಿಟ್ಟಿರುತ್ತಿದ್ದರು. ಅದು ಒಣಗಿದರೆ ಹೊಸದನ್ನು ಮುರಿದು ತರುವ ಕೆಲಸ ನನ್ನದೇ. ಹಾಗೆ ಬೆಳೆದು ನಾನು ಕೆಟ್ಟೆನೇ ಎಂದು ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಮೊದಲ ಭಾನುವಾರ ಮಗಳನ್ನು ಬಿಡಲು ಹೋದವನು ತರಗತಿ ನೋಡೋಣವೆಂದು ಬಾಗಿಲಲ್ಲಿ ಒರಗಿ ನಿಂತೆ. ಬೆನ್ ಒಳಗಿನಿಂದ ಬಂದರು.

“ಬಾಗಲದಾಗ ನಿಂದ್ರಬ್ಯಾಡ್ರಿ ಸರ. ಒಳಗ ಬಂದು ಮಕ್ಕಳ ಜೋಡಿ ಕೈ ಹಿಡೀರಿ, ಇಲ್ಲಾ ಕೆಳಗ ಹೋಗಿ ಚಹಾ ಕುಡೀರಿ. ನೋಡಾವ್ರಿಗೆ ಇಲ್ಲೆ ಜಾಗಾ ಇಲ್ಲ.”

ನಾನು ಕನ್ನಡಕ ಸರಿಮಾಡಿಕೊಳ್ಳುತ್ತ, “ಸರಿ ಮೇಡಂ, ನಾನು ಆಮೇಲೆ ಬರ್ತೀನಿ” ಎಂದೆ. ಅವರು ನನ್ನ ಜೊತೆ ಮೆಟ್ಟಿಲವರೆಗೆ ಬಂದು ದನಿ ತಗ್ಗಿಸಿದರು. “ಒಂದ ಮಾತ ಹೇಳ್ತೀನಿ. ಸಿಟ್ಟ ಬಂದ್ರ ಬರಲಿ. ಈಗ ನೀವು ಚಷ್ಮಾ ಸರಿ ಮಾಡಲಿಕ್ಕೆ ಕೈ ಎತ್ತಿದ್ರಿ. ನಿಮ್ಮ ಮಗಳು ಕುತ್ತಗಿ ಒಳಗ ಎಳಕೊಂಡ್ಳು.”

ಸಿಟ್ಟು ಬಂತು. ಬರದೆ ಇರುತ್ತದೆಯೇ? ನನ್ನ ಮಗಳನ್ನು ನಾನು ಹೇಗೆ ಬೆಳೆಸಬೇಕೆಂದು ಮದುವೆಯೂ ಆಗದ ಈ ಹೆಂಗಸು ಹೇಳಬೇಕೇ ಎಂದು ಸ್ಕೂಟರ್ ಒದ್ದು ಶುರು ಮಾಡಿದೆ. ಆದರೆ ಅಂದು ಊಟಕ್ಕೆ ಕೂತಾಗ ನೋಡಿದೆ. ನಾನು ನೀರಿನ ಲೋಟಕ್ಕೆ ಕೈ ಚಾಚಿದರೂ ಮಾನಸಾಳ ಭುಜ ಮೇಲೇರುತ್ತಿತ್ತು. ಉಪ್ಪಿಗೆ ಕೈ ಚಾಚಿದರೂ ಅಷ್ಟೇ. ಎಷ್ಟು ದಿನದಿಂದ ಹೀಗಿತ್ತೋ, ನಾನು ಅವತ್ತೇ ಮೊದಲು ನೋಡಿದ್ದು.

ಮುಂದಿನ ಭಾನುವಾರ ಚಪ್ಪಲಿ ಬಿಟ್ಟು ಒಳಗೆ ಹೋದೆ.

ಆ ತರಗತಿಯಲ್ಲಿ ಕನ್ನಡಿ ಇರಲಿಲ್ಲ. ಮೊದಲು ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಕೂತು ಹತ್ತು ಉಸಿರು ಎಣಿಸಬೇಕು. ಕಣ್ಣು ಮುಚ್ಚಲು ಹೆದರುವವರು ತೆರೆದೇ ಇಟ್ಟುಕೊಳ್ಳಬಹುದು. ಬೆನ್ ಎಲ್ಲೋ ಹತ್ತು ದಿನ ಮೌನವಾಗಿ ಕೂರಿಸುವ ಶಿಬಿರಕ್ಕೆ ಹೋಗಿಬಂದಿದ್ದರು. ಹತ್ತು ದಿನದ್ದನ್ನು ಮಕ್ಕಳಿಗೆಂದು ಹತ್ತು ಉಸಿರಿಗೆ ಇಳಿಸಿದ್ದರು. ಆಮೇಲೆ ಎದ್ದುನಿಂತು ಅಂಗಾಲನ್ನು ನೆಲಕ್ಕೆ ತಟ್ಟುವುದು, ಭರತನಾಟ್ಯದ ಮೊದಲ ಪಾಠದಂತೆ, ಆದರೆ ತೀರಾ ನಿಧಾನವಾಗಿ. ನೆಲ ತಣ್ಣಗಿದೆಯೋ ಬೆಚ್ಚಗಿದೆಯೋ ಹೇಳಬೇಕು. ಕೊನೆಗೆ ಗರಬಾದ ಹಾಗೆ ದುಂಡಗೆ ನಿಂತು ಮೂರು ಚಪ್ಪಾಳೆಯ ಹೆಜ್ಜೆ. ಗರಬಾ ಅವರಿಗೆ ಯಾಕೆ ಇಷ್ಟ ಎಂದು ಒಮ್ಮೆ ಹೇಳಿದರು: “ಅದರಾಗ ಎಲ್ಲಾರ ಮಾರಿನೂ ಒಳಗ ಇರ್ತದ ನೋಡ್ರಿ. ಹೊರಗಿನವರಿಗೆ ಬರೇ ಬೆನ್ನು.”

ಯಾವ ಮಗುವಿಗೂ ಅವರು ‘ಏನಾಯಿತು’ ಎಂದು ಕೇಳುತ್ತಿರಲಿಲ್ಲ. ‘ಎಲ್ಲಿ’ ಎಂದಷ್ಟೇ ಕೇಳುತ್ತಿದ್ದರು. ಇವತ್ತು ಮೈಯಲ್ಲಿ ಎಲ್ಲಿ ಭಾರ, ಎಲ್ಲಿ ಬಿಸಿ, ಎಲ್ಲಿ ಬಿಗಿತ? ಒಬ್ಬಳು ಗಂಟಲು ಮುಟ್ಟುವಳು, ಒಬ್ಬಳು ಹೊಟ್ಟೆ, ಒಬ್ಬಳು ಮೊಣಕಾಲು. ಮುಟ್ಟಿದ ಜಾಗದಿಂದ ಒಂದು ಚಲನೆ ಮಾಡಿ ತೋರಿಸಬೇಕು. ಉಳಿದವರೆಲ್ಲ ಅದನ್ನೇ ಮಾಡಬೇಕು. ತನ್ನೊಬ್ಬಳದೇ ಎಂದುಕೊಂಡಿದ್ದ ಭಯವನ್ನು ಹದಿನೈದು ಜನ ಒಟ್ಟಿಗೆ ಕುಣಿಯುವುದನ್ನು ಕಂಡಾಗ ಆ ಮಕ್ಕಳ ಮುಖದಲ್ಲಿ ಆಗುತ್ತಿದ್ದ ಬದಲಾವಣೆಯನ್ನು ಬರೆಯಲು ನನಗೆ ಬಾರದು.

ನನ್ನ ಸರದಿ ಬಂತು. ನಾಚಿಕೆಯಿಂದ ಸಾಯುತ್ತಿದ್ದೆ. ದವಡೆ ಮುಟ್ಟಿಕೊಂಡೆ. ಹಲ್ಲು ಕಚ್ಚಿ ಕತ್ತು ಮುಂದೆ ಚಾಚಿದೆ. ಹದಿನೈದು ಹುಡುಗಿಯರು ಹಲ್ಲು ಕಚ್ಚಿ ಕತ್ತು ಚಾಚಿದರು. ಅವರಲ್ಲಿ ಮಾನಸಾಳೂ ಇದ್ದಳು, ಥೇಟು ನನ್ನಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗುತ್ತಲೇ ಅತ್ತೆ.

“ಗಾಡಿ ಒಮ್ಮಿಂದೊಮ್ಮೆ ಬರಂಗಿಲ್ಲ ಸರ, ಮೊದಲ ಸಿಗ್ನಲ್ ಬೀಳ್ತದ. ನಿಮಗ ಇದನ್ನ ನಾ ಹೇಳಬೇಕೇನು?” ಎಂದರು ಅವತ್ತು. ದವಡೆ ಬಿಗಿಯುವುದಕ್ಕೂ ಕೈ ಏಳುವುದಕ್ಕೂ ನಡುವೆ ಮೂರು ಉಸಿರಿನಷ್ಟು ಬಿಡುವಿರುತ್ತದೆಂದು ನಾನು ಕಲಿತದ್ದು ಅವರಿಂದ. ಆ ಬಿಡುವಿನಲ್ಲಿ ಎದ್ದು ಹೊರಗೆ ಹೋಗುತ್ತಿದ್ದೆ. ಎರಡೇ ತಿಂಗಳಲ್ಲಿ ಮಾನಸಾಳ ಹಾಸಿಗೆ ಒಣಗಿತು. ಆಮೇಲೆ ನಾನು ಅವಳಿಗೆ ಹೊಡೆದಿಲ್ಲ. ಹೊಡೆದಿಲ್ಲ ಎಂದು ಬರೆದು ಇಲ್ಲಿಗೇ ಮುಗಿಸಿಬಿಟ್ಟರೆ ಎಷ್ಟು ಚೆನ್ನಾಗಿತ್ತು!

ಬೆನ್ ಸಾಧ್ವಿಯಲ್ಲ. ಫತೇಗಂಜಿನ ಗಾಡಿಯಲ್ಲಿ ಸೇವ್ ಉಸಳ್ ತಿನ್ನುವಾಗ ಖಾರದ ರಸವನ್ನು ಮೂರು ಸಲ ಹಾಕಿಸಿಕೊಂಡು, ಗಾಡಿಯವನಿಗೆ ‘ನೀನೂ ಸಕ್ಕರೆ ಹಾಕಲು ಕಲಿತೆ’ ಎಂದು ಬೈಯುತ್ತಿದ್ದರು. ಲೂನಾ ಓಡಿಸುವಾಗ ಅಡ್ಡ ಬಂದವರಿಗೆ ಅಪ್ಪಟ ಧಾರವಾಡದ ಮಾತಿನಲ್ಲಿ ಶಾಪ ಹಾಕುತ್ತಿದ್ದರು. ಎಲ್ಲೇ ಕೂರಲಿ, ಬಾಗಿಲು ಕಣ್ಣಿಗೆ ಕಾಣುವಂತೆ ಕೂರುತ್ತಿದ್ದರು. ಬಾಗಿಲಿಗೆ ಬೆನ್ನು ಹಾಕಿ ಕೂತದ್ದನ್ನು ನಾನು ಕಾಣೆ. ಅವರ ಬಾಲ್ಯದ ಬಗ್ಗೆ ನನಗೆ ತಿಳಿದದ್ದು ಅಷ್ಟೇ, ಅದನ್ನೂ ನಾನೇ ಊಹಿಸಿಕೊಂಡದ್ದು.

ಆಶ್ರಮದ ಹುಡುಗಿಯರಲ್ಲಿ ಒಬ್ಬಳನ್ನು ಹಂಸಾ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ಹನ್ನೊಂದು ವರ್ಷದವಳು. ಎಂಟು ತಿಂಗಳು ಅವಳು ಗೋಡೆ ಬಿಟ್ಟು ಬಂದಿರಲಿಲ್ಲ. ಪ್ರತಿ ಭಾನುವಾರ ಅದೇ ಮೂಲೆ, ಎರಡೂ ಅಂಗೈ ಗೋಡೆಗೆ ಒತ್ತಿಕೊಂಡು ನಿಲ್ಲುವಳು. ಬೆನ್ ಒಂದು ದಿನವೂ ಕರೆಯಲಿಲ್ಲ. ಆದರೆ ವೃತ್ತದಲ್ಲಿ ಅವಳಿಗೊಂದು ಜಾಗ ಬಿಟ್ಟೇ ಇರುತ್ತಿದ್ದರು. ನಾವು ಕೈ ಹಿಡಿಯುವಾಗ ಆ ಒಂದು ಕಡೆ ಹಾಗೇ ತೆರೆದಿರುತ್ತಿತ್ತು. ಎಂಟು ತಿಂಗಳಾದ ಮೇಲೆ ಒಂದು ದಿನ ಹಂಸಾ ಬಂದು ಅಲ್ಲಿ ನಿಂತಳು, ಮಾನಸಾಳ ಪಕ್ಕದಲ್ಲಿ. ಒಂದು ಕೈ ಕೊಟ್ಟಳು. ಬೆನ್ ಏನೂ ಆಗದವರಂತೆ ಮೂರು ಚಪ್ಪಾಳೆ ಎಣಿಸಿದರು. ಮೆಟ್ಟಿಲ ಮೇಲೆ ಬಂದು ಮಾತ್ರ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು.

ಅವತ್ತು ನಾನು ಒಂದು ದಡ್ಡ ಮಾತಾಡಿದೆ. “ಹೊಡೆತ ತಿಂದೋರೆಲ್ಲ ಹೀಗೆ ಗೋಡೆ ಹಿಡ್ಕೊಂಡ್ರೆ ಹೇಗೆ ಮೇಡಂ? ನಾವೆಲ್ಲ ತಿಂದೋರೇ ಅಲ್ವಾ?” ಎಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ, ಯಾರಿಗೂ ಹೇಳದ್ದನ್ನು ಹೇಳಿದರು. ಹಂಸಾಗೆ ಹಿಂದೆ ಇದ್ದ ಮನೆಯಲ್ಲಿ ಏನಾಗಿತ್ತು, ಯಾರು ಏನು ಮಾಡಿದ್ದರು ಎಂಬುದನ್ನು. ನನಗೆ ಬುದ್ಧಿ ಬರಲೆಂದು ಹೇಳಿದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಒಂದು ಸಲ ಹೇಳಿದ್ದೇ ಸಾಕು.

ನವೆಂಬರಿನಲ್ಲಿ ನಮ್ಮ ಕೂಟದ ರಾಜ್ಯೋತ್ಸವ. ನಮ್ಮ ದೊಡ್ಡ ಸಾಹೇಬರು, ನನ್ನ ಬಡ್ತಿ ಯಾರ ಕೈಯಲ್ಲಿತ್ತೋ ಅವರು, ಮುಖ್ಯ ಅತಿಥಿ. ಹುಬ್ಬಳ್ಳಿಯಿಂದ ಬರಬೇಕಿದ್ದ ಹಾಡುಗಾರರು ಎರಡು ದಿನ ಮುಂಚೆ ಬರುವುದಿಲ್ಲವೆಂದು ತಂತಿ ಕೊಟ್ಟರು. ಕಾರ್ಯಕ್ರಮದ ನಡುವೆ ಅರ್ಧ ಗಂಟೆ ಖಾಲಿ. ನನಗೆ ಬೆನ್‌ರ ಮಕ್ಕಳ ನೆನಪಾಯಿತು. ಕೇಳಿದರೆ ಒಲ್ಲೆ ಅನ್ನುತ್ತಾರೆಂದು ಗೊತ್ತಿತ್ತು. ಅದೃಷ್ಟಕ್ಕೆ, ಅದನ್ನು ಅದೃಷ್ಟವೆಂದೇ ನಾನು ಎಣಿಸಿದ್ದೆ, ಅವರು ಆ ವಾರ ಸೂರತ್ತಿಗೆ ಹೋಗಿದ್ದರು. ಅಲ್ಲಿಯೂ ಒಂದು ತರಗತಿ ಶುರುಮಾಡುವ ಓಡಾಟ. ನಾನು ನೇರವಾಗಿ ಆಶ್ರಮದ ಮೇಲ್ವಿಚಾರಕಿಯ ಬಳಿ ಹೋದೆ. ವೇದಿಕೆಯ ಮೇಲೆ ನಿಮಗೆ ಶಾಲು ಹೊದಿಸುತ್ತೇವೆ ಎಂದೆ. ಆಕೆ ಒಪ್ಪಿದಳು.

ಹುಡುಗಿಯರು ಬಿಳಿ ಉಡುಪು ಹಾಕಿ ಸಾಲಾಗಿ ಬಂದರು. ಹಂಸಾಳೂ ಬಂದಳು. ಮಾನಸಾ ಅವಳ ಕೈ ಹಿಡಿದಿದ್ದಳು. ಅಭ್ಯಾಸದಂತೆ ಅವರು ದುಂಡಗೆ ನಿಂತಾಗ ನಾನು ಓಡಿಹೋಗಿ ಸರಿಪಡಿಸಿದೆ. ಮುಖ್ಯ ಅತಿಥಿಗಳಿಗೆ ಬೆನ್ನು ತೋರಿಸಬಾರದಲ್ಲ! ಎಲ್ಲರನ್ನೂ ಒಂದೇ ಸಾಲಿನಲ್ಲಿ ಸಭೆಗೆ ಮುಖ ಮಾಡಿ ನಿಲ್ಲಿಸಿದೆ.

ಆಮೇಲೆ ಮೈಕು ಹಿಡಿದೆ. ಪರವೂರಿನಲ್ಲಿರುವ ನಮಗೆ ಒಂದು ಕೆಟ್ಟ ಚಾಳಿ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಎದುರಿಗಿರುವವರ ಬಗ್ಗೆಯೇ ಕನ್ನಡದಲ್ಲಿ ಏನು ಬೇಕಾದರೂ ಮಾತಾಡಿಕೊಳ್ಳುತ್ತೇವೆ. ಅವರಿಗೆಲ್ಲಿ ತಿಳಿಯುತ್ತದೆ ಎಂಬ ಧೈರ್ಯ. ಆ ಧೈರ್ಯದಲ್ಲೇ ನಾನು ಆ ಮಕ್ಕಳ ಬೆನ್ನ ಹಿಂದೆಯಲ್ಲ, ಪಕ್ಕದಲ್ಲೇ ನಿಂತು ಅವರ ಪರಿಚಯ ಮಾಡಿಕೊಟ್ಟೆ. ನತದೃಷ್ಟರು, ಬಾಡಿದ ಮೊಗ್ಗುಗಳು ಎಂದೆಲ್ಲ ಅಂದೆ. ಸಭೆ ಮರುಗುವುದು ಕಂಡು ಹುರುಪೇರಿತು. ಹಂಸಾಳ ಕಡೆ ಕೈ ತೋರಿಸಿ, ಬೆನ್ ನನಗೆ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಸಾಹೇಬರು ತಲೆದೂಗಿದರು.

ಎಲ್ಲರೂ ತನ್ನನ್ನೇ ನೋಡುತ್ತಿರುವುದು ಹಂಸಾಗೆ ಕಂಡಿತು. ಅವಳು ಬಗ್ಗಿ ಮಾನಸಾಳ ಕಿವಿಯಲ್ಲಿ ಏನೋ ಕೇಳಿದಳು. ನಿನ್ನ ಪಪ್ಪಾ ನನ್ನ ಬಗ್ಗೆ ಏನು ಹೇಳುತ್ತಿದ್ದಾರೆ ಎಂದು ಕೇಳಿದ್ದಳಂತೆ. ನನ್ನ ಮಗಳಿಗೆ ಕನ್ನಡ ಅಷ್ಟಕ್ಕಷ್ಟೇ, ಆದರೆ ತಿಳಿಯುವಷ್ಟು ತಿಳಿಯುತ್ತಿತ್ತು. ಎಂಟು ವರ್ಷದ ಮಗು, ಗೆಳತಿ ಕೇಳಿದ್ದಕ್ಕೆ ಗುಜರಾತಿಯಲ್ಲಿ ಹೇಳಿಬಿಟ್ಟಿತು.

ಗರಬಾದ ಹಾಡು ಶುರುವಾಯಿತು. ಮೊದಲ ಚಪ್ಪಾಳೆಗೆ ಎತ್ತಿದ ಹಂಸಾಳ ಕೈಗಳು ಕೂಡಲಿಲ್ಲ. ಹಾಗೇ ಹಿಂದೆ ಹಿಂದೆ ಸರಿದು ಪರದೆಯ ಪಕ್ಕದ ಗೋಡೆಗೆ ಮುಖ ಒತ್ತಿ ನಿಂತಳು. ಅದೂ ನೃತ್ಯದ ಭಾಗವೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಸಾಹೇಬರು, “ಆ ಹುಡುಗಿಯನ್ನ ಕರೀರಿ, ಶಾಲು ಅವಳಿಗೇ ಹೊದಿಸೋಣ” ಎಂದರು. ನಾನು ಹೋಗಿ ಅವಳ ತೋಳು ಹಿಡಿದು ಎಳೆದೆ. ಅವಳು ತಿರುಗಿದಾಗ ಕಂಡಿತು, ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಂಡಿದ್ದಳು. ಉಡುಪಿನ ಬಿಳಿ ತೋಳಿನ ಮೇಲೆ ರಕ್ತವಿತ್ತು. ಅವಳು ಕಿರುಚಿದ್ದು ಮೈಕಿನಲ್ಲೂ ಕೇಳಿತು.

ಮನೆಗೆ ಬಂದ ಮೇಲೆ ಮಾನಸಾ ಬಿಕ್ಕುತ್ತ ಒಪ್ಪಿಕೊಂಡಳು. “ಪಪ್ಪಾ, ಅವಳು ಕೇಳಿದ್ಳು, ನಾನು ಹೇಳ್ದೆ.”

ನನ್ನ ದವಡೆ ಬಿಗಿಯಿತು. ಸಿಗ್ನಲ್ ಬಿತ್ತು. ಕೈ ಎತ್ತಲಿಲ್ಲ, ಅದನ್ನು ಕಲಿತಿದ್ದೆನಲ್ಲ. ಮಾತು ಎತ್ತಿದೆ. “ನಿನಗೆ ಯಾರೇ ಹೇಳು ಅಂದೋರು? ಎಲ್ಲಾ ನಿನ್ನಿಂದಾನೇ ಆಗಿದ್ದು. ಆ ಹುಡುಗಿ ಹಾಳಾಗಿದ್ದು ನಿನ್ನ ಬಾಯಿಂದ!” ಎಂದೆ. ಹೊಡೆದಿದ್ದರೆ ವಾಸಿಯಿತ್ತು. ಮಗು ಅಳು ನಿಲ್ಲಿಸಿ ನನ್ನನ್ನು ನೋಡಿತು. ಮಾರನೆಯ ದಿನದಿಂದ ಅವಳು ಕನ್ನಡ ಮಾತಾಡುವುದನ್ನೇ ಕಡಿಮೆ ಮಾಡಿದಳು. ಈ ಊರಿನ ಮಕ್ಕಳೆಲ್ಲ ಹಾಗೆಯೇ ಎಂದು ನಾನು ಎಲ್ಲರಿಗೂ ಹೇಳುತ್ತ ಬಂದೆ.

ನಾಲ್ಕು ದಿನದ ಮೇಲೆ ಆಶ್ರಮದ ಟ್ರಸ್ಟಿಗಳು ಕರೆದರು. ಬೆನ್ ಸೂರತ್ತಿನಿಂದ ಬಂದಿದ್ದರು. ನನ್ನನ್ನೂ ಕರೆಸಿದ್ದರು. ಮಕ್ಕಳನ್ನು ಕಳಿಸಲು ಬೆನ್ ಅವರೇ ಹೇಳಿದ್ದರು ಎಂದು ಮೇಲ್ವಿಚಾರಕಿ ರಾಜಾರೋಷವಾಗಿ ಸುಳ್ಳು ಹೇಳಿದಳು. ಹೌದೇ ಎಂದು ಟ್ರಸ್ಟಿಗಳು ಬೆನ್‌ರನ್ನು ಕೇಳಿದರು. ಬೆನ್ ಉತ್ತರಿಸುವ ಮೊದಲು ನನ್ನ ಕಡೆ ನೋಡಿದರು. ಒಂದು ಉಸಿರಿನಷ್ಟು ಹೊತ್ತು ಕಾದರು. ನಾನು ಬಾಯಿಬಿಟ್ಟರೆ ಸಾಹೇಬರ ಹೆಸರು ಬರುತ್ತದೆ, ಅವರನ್ನು ಮೆಚ್ಚಿಸಲು ನಾನು ಮಾಡಿದ್ದು ಬರುತ್ತದೆ. ನಾನು ನನ್ನ ಬೂಟಿನ ತುದಿ ನೋಡುತ್ತ ಕೂತೆ.

ಬೆನ್ ಗುಜರಾತಿಯಲ್ಲಿ ಹೇಳಿದರು: “ಹುಡುಗಿಯ ವಿಷಯ ಹೊರಗಿನವರಿಗೆ ಹೇಳಿದವಳು ನಾನು. ತಪ್ಪು ನನ್ನದು.” ಮಕ್ಕಳನ್ನು ಕಳಿಸಿದವಳು ತಾನೆಂದು ಒಪ್ಪಲಿಲ್ಲ, ಅಲ್ಲವೆಂದು ವಾದಿಸಲೂ ಇಲ್ಲ. ಆಶ್ರಮದ ಮಕ್ಕಳಿಗೆ ಅವರ ತರಗತಿ ಅವತ್ತಿಗೆ ಬಂದ್ ಆಯಿತು.

ಹೊರಗೆ ಮೆಟ್ಟಿಲ ಮೇಲೆ ನಾನು ಅವರನ್ನು ದಾಟಿ ಓಡಿಹೋಗುವುದರಲ್ಲಿದ್ದೆ. ಅವರೇ ನಿಲ್ಲಿಸಿದರು. ಬೈಯುತ್ತಾರೆಂದು ಕಾದೆ.

“ನಿಮ್ಮ ಮಗಳು ಹೆಂಗದಾಳ್ರಿ?”

“ಚೆನ್ನಾಗಿದ್ದಾಳೆ ಮೇಡಂ.”

“ಆಕೀಗೆ ಏನೂ ಅಂದಿಲ್ಲ ಹೌದಲ್ಲೋ? ಮಕ್ಕಳು ಇಂಥಾದ್ದನ್ನ ತಮ್ಮ ಮ್ಯಾಲೆ ತಗೋತಾವ.”

“ಇಲ್ಲ, ಏನೂ ಅಂದಿಲ್ಲ” ಎಂದೆ. ನನ್ನ ಜನ್ಮದಲ್ಲಿ ಅಷ್ಟು ಸಲೀಸಾಗಿ ಇನ್ನೊಂದು ಸುಳ್ಳು ಹೇಳಿಲ್ಲ.

ಅವರು ಬರೋಡಾ ಬಿಟ್ಟು ಸೂರತ್ತಿಗೆ ಹೋದರು. ಹಂಸಾಳನ್ನು ಅಹಮದಾಬಾದಿನ ಬೇರೊಂದು ಆಶ್ರಮಕ್ಕೆ ಸಾಗಿಸಿದರೆಂದು ಕೇಳಿದೆ. ನನಗೆ ಬಡ್ತಿ ಬಂತು, ಅದೇ ಅಹಮದಾಬಾದಿಗೆ. ವಸ್ತ್ರಾಪುರದಲ್ಲಿ ಮನೆ ಮಾಡಿ ಐದು ವರ್ಷವಾಯಿತು. ಒಂದೇ ಊರಿನಲ್ಲಿದ್ದೂ ಆ ಹುಡುಗಿ ಎಲ್ಲಿದ್ದಾಳೆಂದು ನಾನು ಹುಡುಕಲಿಲ್ಲ. ಒಮ್ಮೆ ಕೆಲಸದ ಮೇಲೆ ಸೂರತ್ತಿಗೆ ಹೋದಾಗ ವಜ್ರ ಉಜ್ಜುವವರ ಗಲ್ಲಿಯಲ್ಲಿ ಬೆನ್‌ರ ಹೊಸ ಕೋಣೆಯ ವಿಳಾಸ ಹಿಡಿದು ಹೋದೆ. ಮೆಟ್ಟಿಲ ಮೇಲೆ ಮಕ್ಕಳ ಚಪ್ಪಲಿಗಳ ರಾಶಿ, ಒಳಗಿನಿಂದ ಮೂರು ಚಪ್ಪಾಳೆಯ ಸದ್ದು. ಕ್ಷಮೆ ಕೇಳಬೇಕಾದರೆ ಒಳಗೆ ಹೋಗಬೇಕು. ಒಳಗೆ ಹೋದರೆ ಅವರು ‘ಎಲ್ಲಿ’ ಎಂದು ಕೇಳುತ್ತಾರೆ. ಹತ್ತು ನಿಮಿಷ ನಿಂತು ಇಳಿದು ಬಂದೆ. ಸ್ಟೇಷನ್ನಿನ ಬಳಿ ಮನೆಗೆಂದು ಸೂರತ್ತಿನ ಘಾರಿ ಮಿಠಾಯಿ ಕಟ್ಟಿಸಿಕೊಂಡು ರೈಲು ಹತ್ತಿದೆ.

ಕಾರ್ಡು ಬಂದ ದಿನ ಸಂಜೆ ಮಾನಸಾ ನವರಂಗಪುರದ ಟ್ಯೂಷನ್ ಮುಗಿಸಿ ಬಂದಳು. ಈಗ ಅವಳಿಗೆ ಹದಿನಾರು. ಕಾರ್ಡು ಅವಳ ಕೈಗೆ ಕೊಟ್ಟೆ. ನನ್ನಂತೆ ಬೆರಳಿಡಬೇಕಾಗಿಲ್ಲ, ಒಂದೇ ನೋಟಕ್ಕೆ ಓದಿದಳು. ಚೀಲವನ್ನೂ ಇಳಿಸದೆ ಕುರ್ಚಿಯ ಮೇಲೆ ಕೂತುಬಿಟ್ಟಳು. ಎಂಟು ವರ್ಷದವಳಿದ್ದಾಗಿನ ಟೀಚರಿಗಾಗಿ ಇಷ್ಟು ಅಳುತ್ತಾಳಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಎದುರಿಗೆ ಕೂತೆ. “ಮಾನಸಾ, ಅವತ್ತು ಸ್ಟೇಜ್ ಮೇಲೆ ಹಂಸಾಗೆ ಆಗಿದ್ದು ನಿನ್ನಿಂದ ಅಲ್ಲಮ್ಮ. ತಪ್ಪು ನಂದು. ನಿನ್ನ ಮೇಲೆ ಹಾಕ್ದೆ” ಎಂದೆ. ಎಂಟು ವರ್ಷ ಹೊತ್ತದ್ದು, ಹೇಳಲು ಬೇಕಾದದ್ದು ಇಷ್ಟೇ ಹೊತ್ತು.

ಅವಳು ಕಣ್ಣೊರೆಸಿಕೊಂಡಳು. “ನಂಗೆ ಗೊತ್ತು ಪಪ್ಪಾ. ಬೆನ್ ಹೇಳಿದ್ರು.”

ಎರಡು ವರ್ಷದ ಹಿಂದೆ ನವರಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಬೆನ್ ಸಿಕ್ಕಿದ್ದರಂತೆ. ಅವರು ತಿಂಗಳಿಗೊಮ್ಮೆ ಸೂರತ್ತಿನಿಂದ ಬರುತ್ತಿದ್ದರು, ಹಂಸಾಳನ್ನು ನೋಡಲು. ಅವಳನ್ನು ಇಲ್ಲಿಗೆ ಕಳಿಸಿದಂದಿನಿಂದ ಒಂದು ತಿಂಗಳೂ ತಪ್ಪಿಸಿರಲಿಲ್ಲ. ಮಾನಸಾ ಅವತ್ತೇ ರಸ್ತೆಯಲ್ಲಿ ಅತ್ತು ಎಲ್ಲ ಹೇಳಿಕೊಂಡಿದ್ದಳು, ನಾನು ಅವಳಿಗೆ ಅಂದ ಮಾತನ್ನೂ. ಆಮೇಲೆ ಪ್ರತಿ ತಿಂಗಳು ಟ್ಯೂಷನ್ ತಪ್ಪಿಸಿ ಅವರ ಜೊತೆ ಹೋಗುತ್ತಿದ್ದಳು. ಹಂಸಾ ಈಗ ಹೊಲಿಗೆ ಕಲಿತಿದ್ದಾಳೆ. ಕುಣಿಯುವುದಿಲ್ಲ. ಇವರಿಬ್ಬರ ನಡುವೆ ಕೂತು ಹತ್ತು ಉಸಿರು ಮಾತ್ರ ಎಣಿಸುತ್ತಿದ್ದಳಂತೆ.

“ನನಗೆ ಯಾಕೆ ಹೇಳ್ಲಿಲ್ಲ ನೀನು?”

“ಬೆನ್ ಬೇಡ ಅಂದ್ರು. ನಾವು ಹೇಳಿದ್ರೆ ಪಪ್ಪಾಗೆ ಬರೀ ಸಿಟ್ಟು ಬರುತ್ತೆ, ವೋ ಖುದ್, ಅವರೇ ಹೇಳಬೇಕು, ಹೇಳ್ತಾರೆ, ನ್ಯಾಯವಾದ ಮನುಷ್ಯ ಅಂದ್ರು.” ಅವಳು ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚು ಸವರುತ್ತಿದ್ದಳು. “ಪ್ರತಿ ಸಲ ಬಂದಾಗ ಫಸ್ಟ್ ಅದೇ ಕೇಳೋರು, ಪಪ್ಪಾ ಹೇಳಿದ್ರಾ ಅಂತ. ಹೋದ ತಿಂಗಳೂ ಕೇಳಿದ್ರು.”

“ನೀನು ಏನಂದೆ?”

“ಇನ್ನೂ ಇಲ್ಲ ಅಂದೆ.”